ಅಳಿಯಂದಿರ ಚಹಾದ ಹಾಡು

ಹನ್ನೊಂದು ವರ್ಷ ಅತ್ತೆಯೊಡನೆ ಒಂದೇ ಒಂದು ಮಾತಾಡದೆ, ಬರೀ ಜಪಾನೀ ಹಾಡು ಹಾಡಿ ಚಹಾ ಕುಡಿದ ಅಳಿಯ ನಿಮಗಿದ್ದಾನೆಯೇ? ನನಗಿದ್ದಾರೆ.

ತಲೆ ಕೆಟ್ಟವರಲ್ಲ, ಇಂಜಿನಿಯರು. ಮಾತಾಡದಿರುವುದು ನಮ್ಮ ಮನೆತನದ ಪದ್ಧತಿ. ಅತ್ತೆ ಅಳಿಯನ ಎದುರು ಬರಬಾರದು, ಬಂದರೆ ತಲೆಯ ಮೇಲೆ ಸೆರಗಿರಬೇಕು, ಹೇಳುವುದೇನಿದ್ದರೂ ಮಗಳ ಮೂಲಕ. ಊರಿನ ಮನೆಗೆ ಹಿತ್ತಲ ಬಾಗಿಲಿದೆ, ನಡೆಯುತ್ತದೆ. ಹಾಲೆಂಡಿನ ರೈಸ್‌ವೈಕ್ ಊರಿನಲ್ಲಿರುವ ಮಗಳ ಮನೆಯೋ ಬೆಂಕಿಪೆಟ್ಟಿಗೆ. ಅದರ ಮೆಟ್ಟಿಲೋ ಏಣಿ. ನಾನು ಮೊದಲ ಸಲ ಬಂದಾಗ, ಮೂರನೆಯ ದಿನವೇ, ನಾನು ಹತ್ತುವಾಗ ಅವರು ಇಳಿದರು. ಹಿಂದೆ ಸರಿದರೆ ನನ್ನ ಸೊಂಟ ಮುರಿಯುತ್ತಿತ್ತು, ಮುಂದೆ ಹೋದರೆ ಪದ್ಧತಿ. ಇಬ್ಬರೂ ಗೋಡೆ ನೋಡುತ್ತ ನಿಂತೆವು. ಮಗಳು ಸ್ನಾನ ಮುಗಿಸಿ ಬಂದು ಬಿಡಿಸಬೇಕಾಯಿತು. ಮರುದಿನದಿಂದ ಅವರು ಮೆಟ್ಟಿಲಿಗೆ ಕಾಲಿಡುವ ಮೊದಲೇ ಹಾಡತೊಡಗಿದರು, ಸೈಕಲ್ಲಿನ ಗಂಟೆ ಬಾರಿಸಿದ ಹಾಗೆ.

ಅದೆಂಥ ಹಾಡು ಅಂತೀರಾ? ಮದುವೆಗೆ ಮೊದಲು ಓದಲಿಕ್ಕೆಂದು ಮೂರು ವರ್ಷ ಜಪಾನಿನಲ್ಲಿದ್ದರಂತೆ. ಒಂದು ಕೋಣೆ, ಕೋಣೆಯ ಜೊತೆಗೇ ಬಂದ ಒಂದು ಟೀವಿ. ಅಲ್ಲಿ ಒಬ್ಬ ಹೆಣ್ಣುಮಗಳು ತಾನೇ ಹಾಡು ಕಟ್ಟಿ ತಾನೇ ಹಾಡುತ್ತಾಳೆ, ಜನಕ್ಕೆ ಅವಳೆಂದರೆ ಪ್ರಾಣ. ಅದಕ್ಕೇ ಚಹಾದ ಜಾಹೀರಾತಿಗೂ ಅವಳ ಹಾಡು, ಬಟ್ಟೆ ಸಾಬೂನಿಗೂ ಅವಳದೇ, ನೂಡಲ್ಸಿಗೂ, ಶೀತದ ಗುಳಿಗೆಗೂ. ನಮ್ಮ ಅಳಿಯಂದಿರು ಕಲಿತದ್ದು ಟೀವಿ ಕೊಟ್ಟಷ್ಟನ್ನೇ. ಹದಿನೈದು ಎಣಿಸುವಷ್ಟರಲ್ಲಿ ಹಾಡು ಕತ್ತರಿಯಲ್ಲಿ ಕತ್ತರಿಸಿದಂತೆ ನಿಂತುಬಿಡುತ್ತದೆ. ಮಗಳು ಒಮ್ಮೆ ಫೋನಿನಲ್ಲಿ ಚಹಾದ ಹಾಡನ್ನು ಪೂರ್ತಿ ಹಚ್ಚಿದಳು. ಅವರು ಎದ್ದು ಹೊರಗೆ ಹೋದರು.

"ಆ ಕೋಣ್ಯಾಗ ಆಕಿ ನನಗ ಇಷ್ಟೇ ಹಾಡತಿದ್ಲು, ಉಳದದ್ದು ಬ್ಯಾರೇದವರದು ಅಂತಾರವ್ವಾ" ಎಂದಳು ಮಗಳು.

"ಹಂಗಾರ ನಾಳಿಂದ ನಾನೂ ಅರ್ಧಾ ಕಪ್ಪ ಚಾ ಕೊಡತೀನಿ ಅಂತ ಹೇಳು."

ಆದರೆ ಆ ಹಾಡುಗಳಿಂದ ನನಗೆ ಅನುಕೂಲವೇ ಆಯಿತು. ಚಹಾದ ಹಾಡು ಕೇಳಿದರೆ ಲೋಟ ತುಂಬಿಸಿ ಬಾಗಿಲ ಬಳಿ ಇಡುತ್ತಿದ್ದೆ. ಗುಳಿಗೆಯ ಹಾಡಿಗೆ ಶುಂಠಿ ಕಷಾಯ. ನೂಡಲ್ಸಿನ ಹಾಡಿಗೆ ಮಾತ್ರ ಶ್ಯಾವಿಗೆ ಉಪ್ಪಿಟ್ಟು. ಜಪಾನಿನವರಿಗೆ ಇಷ್ಟವಾಗದಿದ್ದರೆ ನಾನೇನು ಮಾಡಲಿ? ಕನ್ನಡ ಶಾಲೆಯನ್ನು ನಾಲ್ಕನೇ ಇಯತ್ತೆಗೇ ಬಿಟ್ಟವಳು ನಾನು, ಜಪಾನಿಯಲ್ಲಿ ಹನ್ನೆರಡು ಹಾಡು ಕಲಿತೆ. ಅರ್ಥ ಒಂದರದ್ದೂ ಗೊತ್ತಿಲ್ಲ.

ಒಂದು ದಿನ ಅಂಗಡಿಯಲ್ಲಿ ಅವರು ಸಾಬೂನಿನ ಹಾಡು ಗುನುಗುತ್ತ ನಿಂತಿದ್ದರು. ಈರುಳ್ಳಿ ಆರಿಸುತ್ತಿದ್ದ ಜಪಾನೀ ಹೆಂಗಸು ತಟ್ಟನೆ ತಿರುಗಿ ಕೊನೆಯ ಸಾಲು ಹಾಡಿಬಿಟ್ಟಳು. ಇವರು ಬಗ್ಗಿದರು, ಅವಳು ಬಗ್ಗಿದಳು. ಮತ್ತೆ ಇವರು, ಮತ್ತೆ ಅವಳು. ನಾನು ಕೊತ್ತಂಬರಿ ಹಿಡಿದು ನಿಂತೇ ಇದ್ದೆ. ನನಗೆ ಹನ್ನೊಂದು ವರ್ಷದಲ್ಲಿ ಅಷ್ಟು ನಮಸ್ಕಾರ ಬಿದ್ದಿರಲಿಲ್ಲ.

ಪಕ್ಕದ ಮನೆಯ ಡಚ್ ಮುದುಕಿಗೆ ನಮ್ಮ ಕಿಟಕಿಯಲ್ಲಿ ಎಲ್ಲ ಕಾಣುತ್ತದೆ. ಇಲ್ಲಿ ಯಾರೂ ಪರದೆ ಎಳೆಯುವುದಿಲ್ಲ. "ನಿಮ್ಮ ತಾಯಿಗೆ ನಿನ್ನ ಗಂಡನ ಮೇಲೆ ಸಿಟ್ಟೇ? ಇದ್ದರೆ ಮುಖಕ್ಕೇ ಹೇಳಿಬಿಡಲಿ" ಎಂದಳಂತೆ. ಸಿಟ್ಟಿದ್ದಿದ್ದರೆ ಯಾವಾಗಲೋ ಹೇಳುತ್ತಿದ್ದೆ. ಇಲ್ಲವಲ್ಲ, ಅದೇ ಕಷ್ಟ.

ಈ ಸಲ ನಾನು ಬಂದ ತಿಂಗಳಿಗೆ ಮಗಳ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ಆಪರೇಶನ್, ಎರಡು ದಿನ ಎಂದರು ಡಾಕ್ಟರು. ನನಗೆ ಕೆಮ್ಮು, ಆಸ್ಪತ್ರೆಗೆ ಬರಬೇಡಿ ಎಂದರು. ಮನೆಯಲ್ಲಿ ಉಳಿದವರು ನಾವಿಬ್ಬರೇ, ನಡುವೆ ಮಾತು ದಾಟಿಸುವವರಿಲ್ಲ. ಮೊದಲ ಸಂಜೆ ಅವರು ಆಸ್ಪತ್ರೆಯಿಂದ ಬಂದು ಬೂಟು ಬಿಚ್ಚುತ್ತ ಸಾಬೂನಿನ ಹಾಡು ಹಾಡಿದರು. ಮಗಳು ಆರಾಮಿದ್ದಾಳೆ ಎಂದುಕೊಂಡೆ. ಎರಡನೆಯ ಸಂಜೆ ನೂಡಲ್ಸಿನದು. ಮೂರನೆಯ ದಿನ ಬೆಳಗಿನಿಂದ ಮಗಳು ಫೋನು ಎತ್ತಲಿಲ್ಲ. ಸಂಜೆ ಕೀಲಿ ತಿರುಗಿದ ಸದ್ದಾಯಿತು. ಹಾಡು ಇಲ್ಲ.

ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಸಂದಿಯಲ್ಲಿ ನೋಡಿದೆ. ಕೋಟು ಸಹ ತೆಗೆಯದೆ ಮೆಟ್ಟಿಲ ಮೇಲೆ ಕುಳಿತಿದ್ದರು. ಕೇಳಬೇಕು, ಬಾಯಿ ಬರಲಿಲ್ಲ. ಪದ್ಧತಿಯಿಂದಲ್ಲ, ಅವರು ಏನು ಹೇಳಿಬಿಡುತ್ತಾರೋ ಎಂದು. ಬಾಯಿ ತೆರೆದರೆ ಬಂದದ್ದು ಚಹಾದ ಹಾಡು. ನನ್ನ ಧ್ವನಿ ಕಾಗೆಯದು; ಜಪಾನಿನವರು ಕೇಳಿದ್ದರೆ ಆ ಚಹಾ ಕುಡಿಯುವುದನ್ನೇ ಬಿಡುತ್ತಿದ್ದರು. ಅರ್ಧಕ್ಕೆ ಬಂದಾಗ ಮೆಟ್ಟಿಲ ಕಡೆಯಿಂದ ಅವರೂ ಸೇರಿದರು. ಇಬ್ಬರೂ ಹಾಡಿದೆವು. ಹಾಡು ತನ್ನ ಜಾಗದಲ್ಲಿ ನಿಂತಿತು. ಮುಂದಿನದು ಅವರು ಕಲಿತಿಲ್ಲ, ನನಗೂ ಬಾರದು. ಇನ್ನು ಮಾತಾಡದೆ ಗತಿಯಿರಲಿಲ್ಲ.

"ಆಕಿ ಹೆಂಗದಾಳ್ರಿ?" ಎಂದೆ.

"ಜ್ವರ ಏರೇತ್ರಿ ಅತ್ತಿ. ಒಳಗ ಕೀವ ಆಗೇತಂತ. ನಾಳೆ ಮುಂಜಾನೆ ಮತ್ತೊಮ್ಮಿ ಆಪರೇಶನ್." ಕೋಟಿನ ಗುಂಡಿ ಬಿಚ್ಚುತ್ತ, "ನಿಮಗ ಹೆಂಗ ಹೇಳಬೇಕು ತಿಳೀಲಿಲ್ರಿ. ಇದಕ್ಕ ಯಾವ ಹಾಡೂ ಇಲ್ಲ" ಎಂದರು.

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಕಾಸಿಟ್ಟಿದ್ದ ಚಹಾದ ಲೋಟ ಕೈಗೇ ಕೊಟ್ಟೆ. "ಕುಡೀರಿ. ನಾಳೆ ನಾನೂ ಬರತೀನಿ" ಎಂದು ಎರಡು ಮೆಟ್ಟಿಲು ಕೆಳಗೆ ಕುಳಿತೆ.

ಮರುದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋದೆ. ಮಧ್ಯಾಹ್ನದ ಹೊತ್ತಿಗೆ ಮಗಳು ಕಣ್ಣು ಬಿಟ್ಟಳು. ಅಳಿಯಂದಿರು ಆಗ ನನ್ನನ್ನು, "ಅತ್ತಿ, ನೀರ ತರಲೇನ್ರಿ?" ಎಂದು ಕೇಳುತ್ತಿದ್ದರು. ಮಗಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಮುಖ ಬಿಳಿಚಿತು.

"ಅವ್ವಾ, ನೀವಿಬ್ರೂ ಮಾತಾಡಾಕತ್ತೀರಿ. ಹಂಗಾರ ನಾ ಸಾಯಾಕತ್ತೀನೇನ?"

"ಬಾಯಿ ಮುಚ್ಚು. ಡಾಕ್ಟರು ಎಲ್ಲಾ ಚಲೋ ಆತು ಅಂದಾರ. ಮನ್ಯಾಗ ಮೂರು ದಿನದ ಅರಿವಿ ಒಗ್ಯಾಕ ಬಿದ್ದಾವು, ಲಗೂ ಎದ್ದು ಬಾ."

ಅವರು ಅವಳ ತಲೆಯ ಬಳಿ ಬಗ್ಗಿ ಮೆಲ್ಲಗೆ ಸಾಬೂನಿನ ಹಾಡು ಶುರುಮಾಡಿದರು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಅಳಿಯ ಎದುರಿಗಿದ್ದಾರೆ, ಪದ್ಧತಿ ಪದ್ಧತಿಯೇ. ಅದರೊಳಗೆ ಕಣ್ಣೊರೆಸಿಕೊಂಡರೆ ಯಾರಿಗೆ ಕಾಣಬೇಕು?