ಚಂದ್ರಿಯ ಒಸಡು, ಕಾಕಾನ ಹೊಟ್ಟೆ

ನಮ್ಮ ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಬೆಳಿಗ್ಗೆ ಎದ್ದು ಮೊದಲು ನೋಡುವುದು ದೇವರ ಫೋಟೋವನ್ನಲ್ಲ, ಗಡಿಯಾರವನ್ನೂ ಅಲ್ಲ. ಕುದುರೆಯ ಲದ್ದಿಯನ್ನು. ನೀವು ಮೂಗು ಮುಚ್ಚಿಕೊಳ್ಳಬೇಡಿ. ಲದ್ದಿ ಉಂಡೆ ಉಂಡೆಯಾಗಿ, ಸ್ವಲ್ಪ ಹಸಿಯಾಗಿ ಬಿದ್ದಿದ್ದರೆ ಆ ದಿನ ಅವನಿಗೆ ಹಬ್ಬ. ಒಣಗಿ ಗಟ್ಟಿಯಾಗಿದ್ದರೆ ಕುದುರೆ ಸಾಕಷ್ಟು ನೀರು ಕುಡಿದಿಲ್ಲ. ತೆಳ್ಳಗಾಗಿದ್ದರೆ ಹೊಟ್ಟೆ ಕೆಟ್ಟಿದೆ. ಬಿದ್ದೇ ಇಲ್ಲವೆಂದರೆ ಅವತ್ತು ಮನೆಯಲ್ಲಿ ಯಾರಿಗೂ ಚಹಾ ಇಲ್ಲ.

ಫೋನು ಕೈಗೆ ಬಂದ ಮೇಲೆ ಈ ತಪಾಸಣೆ ಮನೆಯ ಗೋಡೆ ದಾಟಿತು. ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಉಳಿದವರೆಲ್ಲ ಗುಲಾಬಿ ಹೂವಿನ ಜೊತೆ ‘ಶುಭೋದಯ’ ಕಳಿಸಿದರೆ, ಕಾಕಾ ಲದ್ದಿಯ ಫೋಟೋ ಹಾಕಿ ‘ಎಲ್ಲಾ ಆರಾಮ’ ಎಂದು ಬರೆಯುತ್ತಿದ್ದ. ಹಾವೇರಿಯಲ್ಲಿರುವ ನಮ್ಮ ಸೋದರತ್ತೆ ಒಂದು ದಿನ ಉಪ್ಪಿಟ್ಟಿನ ತಾಟು ಮುಂದಿಟ್ಟುಕೊಂಡು ಆ ಫೋಟೋ ತೆರೆದಳು, ಮುಚ್ಚಿದಳು, ಗುಂಪನ್ನೇ ಬಿಟ್ಟು ಹೋದಳು. ಕಾಕಾನಿಗೆ ಬೇಸರವೇನೂ ಆಗಲಿಲ್ಲ. ಅವಳಿಗೆ ಮೊದಲಿನಿಂದಲೂ ಹಸಿವು ಕಡಿಮೆ ಎಂದ.

ಕಾಕಾನಿಗೆ ರಾಣೆಬೆನ್ನೂರಿನಲ್ಲಿ ಹಿಟ್ಟಿನ ಗಿರಣಿ ಇದೆ. ಗಿರಣಿಯವನಿಗೆ ಕುದುರೆ ಯಾಕೆ? ಅದೂ ಒಂದು ಮದುವೆಯ ಕಥೆಯೇ. ಮೋಟೆಬೆನ್ನೂರಿನಲ್ಲಿ ಗೆಳೆಯನ ಮಗನ ಮೆರವಣಿಗೆ ಹೊರಟಿತ್ತು. ಮದುಮಗ ಬಿಳಿ ಕುದುರೆಯ ಮೇಲೆ, ಕಾಕಾ ಬ್ಯಾಂಡಿನವರ ಹಿಂದೆ. ಎಲ್ಲರೂ ಮದುಮಗನನ್ನು ನೋಡುತ್ತಿದ್ದರೆ ಇವನು ಕುದುರೆಯ ತಲೆ ನೋಡುತ್ತಿದ್ದ. ಮುಂದಿನ ಒಂದು ಕಾಲು ಊರಿದಾಗಲೆಲ್ಲ ಅದು ತಲೆ ಮೇಲೆತ್ತುತ್ತಿತ್ತು. ಅಂದರೆ ಆ ಕಾಲು ನೋಯುತ್ತಿದೆ. ಕಾಕಾ ಬ್ಯಾಂಡು ನಿಲ್ಲಿಸಿದ, ಮದುಮಗನನ್ನು ಕೆಳಗಿಳಿಸಿದ, ನಡುರಸ್ತೆಯಲ್ಲಿ ಕುಳಿತು ಗೊರಸು ಎತ್ತಿ ಹಿಡಿದ. ಒಳಗೆ ಒಂದು ಕಲ್ಲು ಸಿಕ್ಕಿಕೊಂಡಿತ್ತು. ಅದನ್ನು ಕೀಳುವಷ್ಟರಲ್ಲಿ ಮುಹೂರ್ತ ಹತ್ತಿರ ಬಂದು, ಮದುಮಗ ಪೇಟ ಹಿಡಿದುಕೊಂಡು ಮಂಟಪಕ್ಕೆ ಓಡಬೇಕಾಯಿತು. ಕುದುರೆಯವನಿಗೆ ರೇಗಿಹೋಯಿತು. ಇಷ್ಟು ಕಾಳಜಿ ಇದ್ದರೆ ನೀವೇ ಕಟ್ಟಿಕೊಳ್ಳಿ ಎಂದುಬಿಟ್ಟ. ಅವನು ಮಾತಿಗೆ ಅಂದದ್ದು. ಕಾಕಾ ಮರುದಿನವೇ ಹೋಗಿ ಕೊಂಡು ತಂದ. ಹೀಗಾಗಿ ಆ ಮದುವೆಯಲ್ಲಿ ಮದುಮಗ ಒಬ್ಬಳನ್ನು ಕಟ್ಟಿಕೊಂಡರೆ ಕಾಕಾ ಇನ್ನೊಬ್ಬಳನ್ನು ಕಟ್ಟಿಕೊಂಡ. ಅವಳೇ ಚಂದ್ರಿ.

ಕಾಕಾ ದಿನವೂ ಚಂದ್ರಿಯ ತುಟಿ ಎತ್ತಿ ಒಸಡಿಗೆ ಹೆಬ್ಬೆರಳು ಒತ್ತಿ ಬಿಡುತ್ತಾನೆ. ಬೆಳ್ಳಗಾದ ಜಾಗ ತಕ್ಷಣ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಕುತ್ತಿಗೆಯ ಚರ್ಮ ಚಿವುಟಿ ಬಿಡುತ್ತಾನೆ. ಅದು ಕೂಡಲೇ ಸಮನಾಗಬೇಕು, ಇಲ್ಲವಾದರೆ ಮೈಯಲ್ಲಿ ನೀರಿಲ್ಲ ಎಂದು ಅರ್ಥ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ಕರೆಂಟಿನ ಬಿಲ್ಲು ಕೊಡಲು ಬಂದವನ ಕುತ್ತಿಗೆಯನ್ನೂ ಚಿವುಟಿ, ಚರ್ಮ ಇಳಿಯುವುದನ್ನೇ ನೋಡುತ್ತ ನಿಂತು, ತಂಬಿಗೆ ನೀರು ಕುಡಿಸಿ ಕಳಿಸಿದ. ಪಾಪ, ಅವನು ಈಗ ಬಿಲ್ಲನ್ನು ಗೇಟಿನ ಕೆಳಗೆ ತೂರಿಸಿ ಹೋಗುತ್ತಾನೆ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಹೀಗೇ ಆಯಿತು. ಹುಡುಗನಿಗೆ ನೌಕರಿ ಎಲ್ಲಿ, ಓದಿದ್ದೆಷ್ಟು, ಕಾಕಾ ಒಂದೂ ಕೇಳಲಿಲ್ಲ. ಬೇವಿನ ಗಿಡದ ತನಕ ನಡೆದು ವಾಪಸ್ ಬರಲು ಹೇಳಿದ. ಹುಡುಗ ಹೋಗಿ ಬಂದ. ಎಡಗಾಲು ಎಳೆಯುತ್ತಾನೆ ಎಂದು ಕಾಕಾ ಎಲ್ಲರೆದುರಿಗೇ ಹೇಳಿಬಿಟ್ಟ. ಹುಡುಗನ ತಾಯಿಯ ಮುಖ ಬಾಡಿತು. ಬಾಗಿಲಲ್ಲಿ ಬಿಟ್ಟಿದ್ದ ಹೊಸ ಬೂಟು ಕಚ್ಚಿ ಹಿಮ್ಮಡಿ ಸುಲಿದಿತ್ತು, ಅಷ್ಟೆ. ಅವರು ಹೋದ ಮೇಲೆ ಕಾಕಾ ತೀರ್ಪು ಕೊಟ್ಟ: “ಮಾಡಿಕೊಳ್ಳವ್ವಾ. ಕಿವಿ ಭಾಳ ಚಲೋ ಅದಾವ. ಯಾರು ಮಾತಾಡಿದ್ರೂ ಆ ಕಡೆ ತಿರಗತಾನ.” ಮಾಡಿಕೊಂಡೆ. ಮದುವೆಯಾದ ಮೇಲೆ ಆ ಕಿವಿಗಳು ನನ್ನ ಕಡೆ ಅಷ್ಟಾಗಿ ತಿರುಗಿಲ್ಲ. ಅದು ಕಾಕಾನ ತಪ್ಪಲ್ಲ.

ಕಾಕಾನ ಹೆಂಡತಿ, ನಮ್ಮ ಕಾಕು, ಇದನ್ನೆಲ್ಲ ಒಂದು ಮಾತೂ ಆಡದೆ ಸಹಿಸಿಕೊಂಡಿದ್ದಳು ಎಂದರೆ ಸುಳ್ಳಾಗುತ್ತದೆ. ಹೊಸ ಇಳಕಲ್ ಸೀರೆ ಉಟ್ಟು ಎದುರಿಗೆ ನಿಂತರೆ ಚಂದ್ರಿಯ ಮೈಗೆ ಎಂಥ ಹೊಳಪು ಬಂದಿದೆ ಎನ್ನುವ ಗಂಡನ ಜೊತೆ ಬಾಳುವುದು ಹೇಗೆ ಎಂದು ಬಂದವರ ಮುಂದೆಲ್ಲ ಕೇಳುತ್ತಿದ್ದಳು. ಕುದುರೆಯ ಹತ್ತಿರ ಒಂದು ದಿನವೂ ಹೋದವಳಲ್ಲ. ಕುಂಬಳಕಾಯಿ ಸಿಪ್ಪೆಯನ್ನು ದೂರದಿಂದಲೇ ಎಸೆಯುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಬ್ಯಾಡಗಿಯಲ್ಲಿ ಕಾಕುವಿನ ಅಣ್ಣನ ಮಗನ ಮದುವೆ. ಚಂದ್ರಿಗೆ ಜರಿಯ ಝೂಲು ಹೊದಿಸಿ, ಕಾಕಾ ತಾನೇ ಲಗಾಮು ಹಿಡಿದು ಮೆರವಣಿಗೆಯ ಮುಂದೆ ನಡೆಯುತ್ತಿದ್ದ. ನಾವು ಹೆಂಗಸರು ಹಿಂದೆ. ಕಾಕು ಯಾರದೋ ಸರದ ಬಗ್ಗೆ ಮಾತಾಡುತ್ತಿದ್ದವಳು ನಡುವೆಯೇ ನಿಲ್ಲಿಸಿ, ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಬ್ಯಾಂಡಿನವರನ್ನು ಸರಿಸಿಕೊಂಡು ಮುಂದೆ ಹೋದಳು. ನಾನೂ ಹಿಂದೆ ಹೋದೆ. ಕಾಕಾ ಬೆವರುತ್ತಿದ್ದ. ಬ್ಯಾಡಗಿಯ ಬಿಸಿಲಿನಲ್ಲಿ ಯಾರು ಬೆವರುವುದಿಲ್ಲ? ಆದರೆ ಅವನು ಮತ್ತೆ ಮತ್ತೆ ತನ್ನ ಹೊಟ್ಟೆಯ ಬಲಮಗ್ಗುಲನ್ನು ನೋಡಿಕೊಳ್ಳುತ್ತಿದ್ದ. ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತಿದ್ದ. ಮೆರವಣಿಗೆ ನಿಂತಾಗ ಕಟ್ಟೆಯ ಮೇಲೆ ಕುಳಿತ, ಕೂಡಲೇ ಎದ್ದ, ಮತ್ತೆ ಕುಳಿತ. ಬೆಳಿಗ್ಗೆ ಏನೂ ತಿಂದಿಲ್ಲ ಎಂದು ಕಾಕು ಹೇಳಿದಳು. ನಿನ್ನೆ ರಾತ್ರಿಯ ಮಿರ್ಚಿ ಭಜಿಯ ಗ್ಯಾಸು, ಸುಮ್ಮನಿರು ಎಂದು ಕಾಕಾ ಗದರಿದ.

ಕಾಕು ದನಿ ಏರಿಸಲಿಲ್ಲ. “ಚಂದ್ರಿ ಹಿಂಗ ಮಾಡಿದ್ರ ನೀವು ಏನಂತಿದ್ರಿ, ಹೇಳ್ರಿ.”

ಕಾಕಾ ಬಲಮಗ್ಗುಲನ್ನು ಒತ್ತಿ ಹಿಡಿದ. “ಹೊಟ್ಟಿಶೂಲಿ ಅಂತಿದ್ದೆ.”

“ಆಮ್ಯಾಲ?”

“ಲಗೂ ಡಾಕ್ಟರ್‌ನ ಕರೀರಿ ಅಂತಿದ್ದೆ.”

ಕಾಕು ಲಗಾಮು ಕಿತ್ತುಕೊಂಡು ನನ್ನ ಗಂಡನ ಕೈಗೆ ತುರುಕಿದಳು. ಆ ಮನುಷ್ಯ ಹುಟ್ಟಿದಾಗಿನಿಂದ ಕುದುರೆ ಮುಟ್ಟಿದವನಲ್ಲ. ಚಂದ್ರಿ ಅವನನ್ನು ನೋಡಿ ಕಿವಿ ಹಿಂದಕ್ಕೆ ಒತ್ತಿತು. ಅದು ಕೋಪದ ಲಕ್ಷಣ ಎಂದು ಕಾಕಾ ಕಾರು ಹತ್ತುವಾಗಲೂ ಹೇಳುತ್ತಿದ್ದ. ಹಾವೇರಿಯ ಆಸ್ಪತ್ರೆಯ ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡು, ಚಂದ್ರಿಗೆ ಬಿಸಿಲಲ್ಲಿ ನಡೆದ ಮೇಲೆ ಹದವಾಗಿ ನೀರು ಕುಡಿಸಬೇಕು ಎಂದು ನನ್ನಿಂದ ನನ್ನ ಗಂಡನಿಗೆ ಫೋನು ಮಾಡಿಸಿದ.

ಅಪೆಂಡಿಕ್ಸ್ ಒಡೆಯುವ ಹಂತಕ್ಕೆ ಬಂದಿತ್ತು. ಅವತ್ತೇ ಆಪರೇಷನ್ ಆಯಿತು.

ಮರುದಿನ ಡಾಕ್ಟರು ಬಂದು, ಕರುಳು ಅಲುಗಾಡುವ ತನಕ ಗುಟುಕು ನೀರನ್ನೂ ಕೊಡಬೇಡಿ ಎಂದು ಹೇಳಿ ಹೋದರು. ಕಾಕು ಬಾಗಿಲ ಕಡೆ ನೋಡಿದಳು, ಕಾಕಾನನ್ನು ನೋಡಿದಳು. ಹಿರಿಯರ ಎದುರು ಗಂಡನ ಮಂಚದ ತುದಿಯಲ್ಲೂ ಕೂರದವಳು, ಇಡೀ ವಾರ್ಡಿನ ಎದುರು ಚಾದರ ಸರಿಸಿ, ಅವನ ಹೊಟ್ಟೆಯ ಮೇಲೆ, ಪಟ್ಟಿ ಕಟ್ಟದ ಕಡೆ, ಕಿವಿ ಇಟ್ಟಳು. ಪಕ್ಕದ ಮಂಚದ ಮುದುಕಿ ಬಾಯಿ ತೆರೆದು ನೋಡಿದಳು. ಕಾಕಾ ನಾಚಿ ಗೋಡೆಯ ಕಡೆ ಮುಖ ಮಾಡಿದ. ಕುದುರೆಯ ಹೊಟ್ಟೆ ಸದಾ ಸದ್ದು ಮಾಡುತ್ತಿರಬೇಕು, ಸುಮ್ಮನಾದರೆ ಕೆಟ್ಟದ್ದು ಎಂದು ಊಟಕ್ಕೆ ಕೂತಾಗಲೆಲ್ಲ ಹೇಳಿ ಹೇಳಿ ಅವಳ ತಲೆಯಲ್ಲಿ ಇಳಿಸಿದವನು ಅವನೇ ತಾನೆ?

“ಗುಡುಗುಡು ಅನ್ನಾಕತ್ತೈತಿ,” ಎಂದಳು ಕಾಕು. ತಲೆ ಎತ್ತದೆ, ಅಲ್ಲೇ, ಅತ್ತಳು.

ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ ಅವಳು ಸ್ಟೂಲಿನ ಮೇಲೆ, ಗೋಡೆಗೆ ತಲೆ ಆನಿಸಿ, ನಿದ್ದೆಹೋಗಿದ್ದಳು. ಕಾಕಾನಿಗೆ ನೋವು ಹೇಗಿದೆ ಎಂದು ಕೇಳಿದೆ. ಸುಮ್ಮನಿರು ಎಂದು ಕೈಸನ್ನೆ ಮಾಡಿದ. ಅವನು ಕಾಕುವಿನ ಕಾಲು ನೋಡುತ್ತಿದ್ದ. ನಿಂತು ನಿಂತು ಊದಿಕೊಂಡು, ಕಾಲುಂಗುರ ಬೆರಳಿನೊಳಗೆ ಹೂತುಹೋಗಿತ್ತು.

“ಯಾವಾಗಿಂದ ಹಿಂಗದಾವೋ ಏನೋ,” ಎಂದ ಮೆಲ್ಲಗೆ.

ತಲೆಯ ಕೆಳಗಿನ ದಿಂಬು ಎಳೆದು ನನ್ನ ಕೈಗೆ ಕೊಟ್ಟ. ನಾನು ಇನ್ನೊಂದು ಸ್ಟೂಲು ಸರಿಸಿ, ಅದರ ಮೇಲೆ ದಿಂಬಿಟ್ಟು, ಅವಳ ಕಾಲುಗಳನ್ನು ಒಂದೊಂದಾಗಿ ಎತ್ತಿ ಇಟ್ಟೆ. ಕಾಕು ಎಚ್ಚರಗೊಳ್ಳಲಿಲ್ಲ. ಕಾಕಾ ದಿಂಬಿಲ್ಲದೆ, ಕುತ್ತಿಗೆ ಹೊರಳಿಸಿ, ಅವಳು ತಾನಾಗಿಯೇ ಏಳುವ ತನಕ ಹಾಗೇ ನೋಡುತ್ತ ಮಲಗಿದ್ದ.