ಗುಳಿಕ ಕಾಲದ ಪೆಟ್ರೋಲ್

ಅಳಿಯನಾದವನು ಮಾವ ಕೇಳುವ ಕೆಲವು ಪ್ರಶ್ನೆಗಳಿಗೆ ನಿಜ ಹೇಳಬಾರದು. ಕುರುಬರಹಳ್ಳಿಯ ಮಧುಕುಮಾರನಿಗೆ ಮದುವೆಯಾಗಿ ಹನ್ನೆರಡು ವರ್ಷವಾದರೂ ಈ ವಿದ್ಯೆ ಹತ್ತಿರಲಿಲ್ಲ. ಮೇ ತಿಂಗಳ ಆ ಭಾನುವಾರ ಬೆಳಿಗ್ಗೆ ಅವನು ಇಡ್ಲಿ ತಿನ್ನುತ್ತಿದ್ದಾಗ ಮಾವ ಕೃಷ್ಣಪ್ಪನವರು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, "ಅಳಿಯಂದ್ರೇ, ಇವತ್ತು ಗಾಡಿಗೆ ಪೆಟ್ರೋಲ್ ಹಾಕೋದು ಎಷ್ಟೊತ್ತಿಗೆ?" ಎಂದರು.

"ಎರಡು ಸಲ ಮಾವ. ಎರಡು ಐವತ್ತಕ್ಕೆ ಒಂದ್ಸಲ, ನಾಲ್ಕು ನಲವತ್ತಕ್ಕೆ ಒಂದ್ಸಲ," ಎಂದು ಇವನು ನಿಮಿಷದ ಸಮೇತ ಒಪ್ಪಿಸಿಬಿಟ್ಟ.

"ಭಾನುವಾರ ನಾಲ್ಕೂವರೆಯಿಂದ ರಾಹುಕಾಲ. ಈ ಗಾಡಿ ತಗೊಂಡು ಇಪ್ಪತ್ತೆರಡು ವರ್ಷ ಆಯ್ತು. ಒಂದು ದಿನ ರಾಹುಕಾಲದಲ್ಲಿ ಪೆಟ್ರೋಲ್ ಹಾಕ್ಸಿಲ್ಲ. ಅದಕ್ಕೇ ಇನ್ನೂ ಓಡ್ತಾ ಇದೆ."

ಗಾಡಿ ಅಂದರೆ ಮಾವನ ಹಳೇ ಮಾರುತಿ ಝೆನ್. ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಒಳಗೆ ಹೋದರೆ ಒಂದು ಟ್ರ್ಯಾಕ್ ಇದೆ. ಅಲ್ಲಿ ವರ್ಷಕ್ಕೊಮ್ಮೆ ಹಳೇ ಕಾರು ಇಟ್ಟುಕೊಂಡ ಹವ್ಯಾಸಿಗಳಿಗೆ ನಾಲ್ಕು ಗಂಟೆಗಳ ರೇಸು ನಡೆಯುತ್ತದೆ. ಮಧ್ಯಾಹ್ನ ಒಂದೂವರೆಯಿಂದ ಐದೂವರೆಯವರೆಗೆ. ಒಬ್ಬನೇ ಒಂದೇ ಸಮ ಎರಡು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಡ್ರೈವರ್ ಬದಲಾಗುವುದು ಪೆಟ್ರೋಲಿಗೆ ನಿಂತಾಗ ಮಾತ್ರ.

ಮಧುಕುಮಾರ ಬಸವೇಶ್ವರನಗರದ ಪ್ಲೈವುಡ್ ಅಂಗಡಿಯ ಮ್ಯಾನೇಜರ್. ಪಕ್ಕದ ಮನೆಯ ಹುಡುಗ ರೇವಂತ್, ಬ್ಯಾಡರಹಳ್ಳಿಯಲ್ಲಿ ಗ್ಯಾರೇಜು ಇಟ್ಟಿರುವ ಹುಬ್ಬಳ್ಳಿ ಕಡೆಯ ಹನುಮೇಶ, ಇವನು, ಮೂವರದೊಂದು ತಂಡ. ಮೂರು ವರ್ಷದಿಂದ ಅವರಿಬ್ಬರು ಸ್ಟೇರಿಂಗ್ ಹಿಡಿಯುತ್ತಿದ್ದರು, ಇವನು ಬೆಂಕಿ ಆರಿಸುವ ಸಿಲಿಂಡರ್ ಹಿಡಿಯುತ್ತಿದ್ದ. ಈ ಸಲ ಹನುಮೇಶನ ಕಾರು ಮಾರಿಹೋಗಿತ್ತು. "ಕಾರು ನಮ್ಮ ಮಾವಂದು. ಕೊನೇ ಸರದಿ ನಂದು," ಎಂದು ಇವನು ಮೊದಲ ಬಾರಿಗೆ ಧ್ವನಿ ಎತ್ತಿದ, ಅವರು ಒಪ್ಪಿದರು. ಮಗಳು ಅನು ಇಡೀ ಐದನೇ ಕ್ಲಾಸಿಗೆ ನಮ್ಮಪ್ಪ ರೇಸ್ ಓಡಿಸ್ತಾರೆ, ವಿಡಿಯೋ ತೋರಿಸ್ತೀನಿ ಎಂದು ಸಾರಿಬಿಟ್ಟಿದ್ದಳು. ಇನ್ನು ಓಡಿಸದೆ ಬರುವ ಹಾಗಿರಲಿಲ್ಲ.

"ಸರಿ ಮಾವ, ನಾಲ್ಕು ಇಪ್ಪತ್ತಕ್ಕೇ ಹಾಕಿಬಿಡ್ತೀವಿ," ಎಂದ. ಇಪ್ಪತ್ತು ನಿಮಿಷ ಮೊದಲೇ ಸ್ಟೇರಿಂಗ್ ಕೈಗೆ ಬರುತ್ತದೆಂದು ಒಳಗೊಳಗೇ ಖುಷಿಯೂ ಆಯಿತು.

"ಅದು ಗುಳಿಕ ಕಾಲ. ಒಳ್ಳೇದೇ. ಗುಳಿಕದಲ್ಲಿ ಮಾಡಿದ ಕೆಲಸ ಮತ್ತೆ ಮತ್ತೆ ಮಾಡೋ ಯೋಗ ಬರುತ್ತೆ," ಎಂದರು ಮಾವ. "ನಾನೂ ಬರ್ತೀನಿ. ನಿಮ್ಮತ್ತೆ ಪುಳಿಯೋಗರೆ ಮಾಡಿದಾಳೆ."

ಇನ್ನೇನು, ಸಂಸಾರವೇ ಹೊರಟಿತು. ಹೆಂಡತಿ ಲತಾ, ಅನು ಗ್ಯಾಲರಿಯಲ್ಲಿ ಕೂತರು. ಮಾವ ಮತ್ತು ಅತ್ತೆ ಲಿಂಗಮ್ಮ ಪೆಟ್ರೋಲ್ ಹಾಕುವ ಜಾಗದ ಹತ್ತಿರವೇ ಕುರ್ಚಿ ಹಾಕಿಸಿಕೊಂಡರು. ಅಲ್ಲಿನ ಉಸ್ತುವಾರಿ ಪಂಕಜಾ ಎಂಬ ಹೆಣ್ಣುಮಗಳದು. ಕೊರಳಲ್ಲಿ ವಿಸಿಲ್, ಮುಖದಲ್ಲಿ ಹೆಡ್ ಮೇಡಂ ಕಳೆ. ಮೊದಲು ಎಲ್ಲರ ಫೋನು ಕಸಿದು ಡಬ್ಬಕ್ಕೆ ಹಾಕಿ, ಆಮೇಲೆ ರೂಲು ಹೇಳಿದಳು.

"ಎಂಜಿನ್ ಆಫ್. ಇಳಿದ ಡ್ರೈವರೇ ಕ್ಯಾನಿಂದ ಪೆಟ್ರೋಲ್ ಸುರೀಬೇಕು. ತಂಡದ ಇನ್ನೊಬ್ರು ಸಿಲಿಂಡರ್ ಹಿಡ್ಕೊಂಡು ಪಕ್ಕದಲ್ಲಿ ನಿಲ್ಬೇಕು. ಮುಂದೆ ಓಡಿಸೋರು ಈ ಹಳದಿ ಗೆರೆ ಆಚೆ ಇರ್ಬೇಕು. ಈಚೆ ಬಂದ್ರೆ ಆ ಸರದಿ ಓಡಿಸೋ ಹಾಗಿಲ್ಲ. ಎಷ್ಟೇ ಬೇಗ ಮುಗಿದ್ರೂ ಐದು ನಿಮಿಷ ನಿಂತೇ ಹೊರಡಬೇಕು. ಬೇರೆ ಯಾರಾದ್ರೂ ಗೆರೆ ದಾಟಿದ್ರೆ ತಂಡಕ್ಕೆ ದಂಡ."

ಎರಡು ಐವತ್ತಕ್ಕೆ ರೇವಂತ್ ಸರಿಯಾಗಿ ಬಂದು ನಿಲ್ಲಿಸಿ, ಇಳಿದು, ಪೆಟ್ರೋಲ್ ಸುರಿದ. ಮಧುಕುಮಾರ ಕೊನೆಯ ಸಲಕ್ಕೆ ಎಂದುಕೊಂಡು ಸಿಲಿಂಡರ್ ಹಿಡಿದ. ಹನುಮೇಶ ಹೆಲ್ಮೆಟ್ ಹಾಕಿ ಗೆರೆಯಾಚೆ ಕಾದಿದ್ದ. ಎಲ್ಲ ಮುಗಿಯಿತು ಅನ್ನುವಾಗ ಮಾವ ಎರಡು ನಿಂಬೆಹಣ್ಣು ಹಿಡಿದು ಬಂದು ಮುಂದಿನ ಚಕ್ರಗಳ ಕೆಳಗೆ ಇಟ್ಟರು. ಪಂಕಜಾ ವಿಸಿಲ್ ಊದಿದಳು.

"ಸಾರ್, ಗೆರೆ ದಾಟಿದ್ರಿ."

"ನಾನೆಲ್ಲಮ್ಮ ದಾಟಿದೆ? ನಿಂಬೆಹಣ್ಣು ಉರುಳ್ಕೊಂಡ್ ಬಂತು. ಹಿಂದೇನೇ ಬಂದೆ."

"ಎರಡೂ ನೆಟ್ಟಗೆ ಚಕ್ರದ ಕೆಳಗೇ ಉರುಳಿದ್ವಾ ಸಾರ್?" ಎಂದು ಅವಳು ಬರೆದುಕೊಂಡಳು. ದಂಡ ಏನೆಂದರೆ, ಮುಂದಿನ ಸಲ ಐದಲ್ಲ, ಹದಿನೈದು ನಿಮಿಷ ನಿಲ್ಲಬೇಕು.

ಹನುಮೇಶ ನಿಂಬೆಹಣ್ಣು ಅಪ್ಪಚ್ಚಿ ಮಾಡಿಕೊಂಡು ಹೊರಟ. ಮಾವ ಬೆರಳು ಮಡಿಸಿ ಲೆಕ್ಕ ಹಾಕಿದರು. "ನಾಲ್ಕು ಇಪ್ಪತ್ತಕ್ಕೆ ಹದಿನೈದು ಸೇರಿದ್ರೆ ನಾಲ್ಕು ಮೂವತ್ತೈದು. ಗಾಡಿ ರಾಹುಕಾಲದಲ್ಲಿ ಹೊರಟ ಹಾಗಾಯ್ತಲ್ಲ? ನಾಲ್ಕು ಹತ್ತಕ್ಕೇ ಕರೀರಿ."

ದಂಡ ತಂದವರೂ ಅವರೇ, ಉಪಾಯ ಹೇಳುವವರೂ ಅವರೇ. ಮಧುಕುಮಾರನಿಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಹನ್ನೆರಡು ವರ್ಷದ ಅಭ್ಯಾಸದಂತೆ ನುಂಗಿಕೊಂಡು, "ಆಯ್ತು ಮಾವ," ಎಂದ.

ನಾಲ್ಕು ಹತ್ತಕ್ಕೆ ಟ್ರ್ಯಾಕಿನ ಗೋಡೆಯ ಪಕ್ಕ ನಿಂತು 'ಒಳಗೆ ಬಾ' ಎಂಬ ಬೋರ್ಡು ಎತ್ತಿದ. ಇಪ್ಪತ್ತಕ್ಕೆ ಎಂದು ನಂಬಿದ್ದ ಹನುಮೇಶ ಅದು ಬೇರೆ ಯಾರಿಗೋ ಅಂದುಕೊಂಡು ಎರಡು ಸುತ್ತು ಹಾಗೇ ಹೋದ. ಮೂರನೆಯ ಸುತ್ತಿಗೆ ಒಳಗೆ ಬಂದು ನಿಂತಾಗ ನಾಲ್ಕು ಹದಿನಾಲ್ಕು.

"ಏನ್ರಿ ಅಣ್ಣಾರ, ಇಷ್ಟ್ ಲಗೂನ ಕರದ್ರಿ?" ಎನ್ನುತ್ತಾ ಅವನು ಇಳಿದು ಕ್ಯಾನು ಎತ್ತಿಕೊಂಡ. ಮಧುಕುಮಾರ ಹೆಲ್ಮೆಟ್ ಹಾಕಿಕೊಂಡು ಗೆರೆಯಾಚೆ ನಿಂತ. ಗ್ಯಾಲರಿಯಲ್ಲಿ ಅನು ಅಮ್ಮನ ಫೋನು ಎತ್ತಿ ಹಿಡಿದಿದ್ದಳು. ಮೂರು ವರ್ಷ ಕಾದದ್ದು ಸಾರ್ಥಕ ಅನ್ನಿಸಿತು.

"ಸಿಲಿಂಡರ್ ಹಿಡಿಯೋರು ಎಲ್ಲಿ?" ಎಂದಳು ಪಂಕಜಾ.

ಈ ಸಲ ಹಿಡಿಯಬೇಕಾದವನು ರೇವಂತ್. ಅವನ ಸುಳಿವೇ ಇಲ್ಲ.

"ಆ ಹುಡುಗನಾ? ನಿಮ್ಮ ಮಾವಂಗೆ ಟೀ ತರೋಕೆ ನಾನೇ ಕಳಿಸ್ದೆ," ಎಂದರು ಲಿಂಗಮ್ಮ ಶಾಂತವಾಗಿ. "ನಾಲ್ಕು ಇಪ್ಪತ್ತರವರೆಗೆ ನಂಗೇನೂ ಕೆಲಸ ಇಲ್ಲ ಆಂಟಿ ಅಂದ. ಗೇಟ್ ಹತ್ರ ಅಂಗಡಿಗೆ ಹೋಗಿದಾನೆ."

ಫೋನ್ ಮಾಡೋಣವೆಂದರೆ ಅವನ ಫೋನು ಡಬ್ಬದಲ್ಲಿತ್ತು. ಇವನದೂ ಅಲ್ಲೇ ಇತ್ತು.

"ಒಂದು ನಿಮಿಷ ಟೈಮ್," ಎಂದಳು ಪಂಕಜಾ. "ಯಾರೂ ಬರ್ಲಿಲ್ಲ ಅಂದ್ರೆ ಗಾಡಿ ಇನ್ನೊಂದು ಸುತ್ತು ಹೋಗಿ ಬರ್ಲಿ. ಹದಿನೈದು ನಿಮಿಷ ಆಮೇಲಿಂದ ಲೆಕ್ಕ."

"ಹೋಗಿ ಬರ್ಲಿ ಬಿಡಿ ಮೇಡಂ," ಎಂದ ಮಧುಕುಮಾರ.

ಮಾವ ಗಡಿಯಾರವನ್ನು ಅವನ ಮೂಗಿನ ಹತ್ತಿರ ತಂದರು. "ಈಗ ಶುರು ಮಾಡಿದ್ರೆ ನಾಲ್ಕೂವರೆ ಒಳಗೆ ಮುಗಿಯುತ್ತೆ. ಇನ್ನೊಂದು ಸುತ್ತು ಹೋದ್ರೆ ರಾಹುಕಾಲ ಅಳಿಯಂದ್ರೇ. ಬೆಳಿಗ್ಗೆ ಮಾತು ಕೊಟ್ಟಿದೀರಿ."

ಮಧುಕುಮಾರ ಗ್ಯಾಲರಿಯ ಕಡೆ ನೋಡಿದ. ಮಾವನ ಕಡೆ ನೋಡಿದ. ಆಮೇಲೆ ಹೆಲ್ಮೆಟ್ ತೆಗೆದಿಟ್ಟು, ಗೆರೆ ದಾಟಿ, ಸಿಲಿಂಡರ್ ಎತ್ತಿಕೊಂಡ. ಅಳು ಬರುವ ಹಾಗಾಯಿತು, ಬರಿಸಿಕೊಳ್ಳಲಿಲ್ಲ.

ಎರಡೇ ನಿಮಿಷಕ್ಕೆ ರೇವಂತ್ ನಾಲ್ಕು ಟೀ ಹಿಡಿದುಕೊಂಡು ಬಂದ. "ಅಯ್ಯೋ ಅಣ್ಣ, ಆಗ್ಲೇ ಬಂದ್ಬಿಡ್ತಾ? ಕೊಡಿ, ನಾನ್ ಹಿಡ್ಕೋತೀನಿ."

"ಒಂದ್ಸಲ ಹಿಡಿದವರೇ ಕೊನೇವರೆಗೂ ಹಿಡೀಬೇಕು," ಎಂದಳು ಪಂಕಜಾ. "ನೀವು ಬೇಕಾದ್ರೆ ಓಡಿಸ್ಬಹುದು."

ಹುಡುಗ ಎರಡು ಸಲ ಹೇಳಿಸಿಕೊಳ್ಳಲಿಲ್ಲ, ಹೆಲ್ಮೆಟ್ ಹಾಕಿಕೊಂಡ. ಹದಿನೈದು ನಿಮಿಷ ಬಿಸಿಲಲ್ಲಿ ಸಿಲಿಂಡರ್ ಹಿಡಿದು ನಿಂತ ಅಳಿಯನ ಎದುರು ಅತ್ತೆ ಮಾವ ಟೀ ಕುಡಿದರು.

"ಏನ್ರೀ, ಇಷ್ಟು ಅವಸರ ಯಾಕೆ ಮಾಡಿದ್ರಿ?" ಎಂದರು ಲಿಂಗಮ್ಮ.

"ನಾಲ್ಕೂವರೆಗೆ ರಾಹುಕಾಲ ಕಣೇ. ಕ್ಯಾಲೆಂಡರಲ್ಲಿ ಇದೆ."

"ಅದು ಬೆಳಿಗ್ಗೆ ಆರಕ್ಕೆ ಸೂರ್ಯ ಹುಟ್ಟಿ ಸಾಯಂಕಾಲ ಆರಕ್ಕೆ ಮುಳುಗೋ ಲೆಕ್ಕ. ಈ ತಿಂಗಳು ಮುಳುಗೋದೇ ಆರೂವರೆ ಮೇಲೆ. ಪಂಚಾಂಗ ನೋಡ್ಕೊಂಡೇ ಬಂದಿದೀನಿ, ರಾಹುಕಾಲ ಐದಕ್ಕೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

ನಾಲ್ಕು ನಲವತ್ತರ ಮೊದಲ ಲೆಕ್ಕವೇ ಸರಿಯಾಗಿತ್ತು. ಮಧುಕುಮಾರನ ಕೈಯಿಂದ ಸಿಲಿಂಡರ್ ಜಾರುವುದರಲ್ಲಿತ್ತು. ಪಂಕಜಾ ನೋಡುತ್ತಿದ್ದಳೆಂದು ಬಿಗಿಯಾಗಿ ಹಿಡಿದ.

ಹದಿನೆಂಟು ಕಾರುಗಳಲ್ಲಿ ಝೆನ್ ಹನ್ನೊಂದನೆಯದಾಗಿ ಮುಗಿಸಿತು. ಬಹುಮಾನ ಕೊಡುವಾಗ ಪಂಕಜಾ ಮೈಕ್ ಹಿಡಿದು, "ಹದಿನೈದು ನಿಮಿಷ ಒಂದು ಸಲಾನೂ ಸಿಲಿಂಡರ್ ಕೆಳಗಿಡದ ಮಧುಕುಮಾರ್ ಅವರಿಗೆ ವಿಶೇಷ ಬಹುಮಾನ," ಎಂದಳು. "ಇಂಥವರು ನಮಗೆ ಬೇಕು. ಮುಂದಿನ ವರ್ಷದಿಂದ ಇವರೇ ನಮ್ಮ ಫೈರ್ ಮಾರ್ಷಲ್, ಅವರು ಒಪ್ಪಿದ್ರೆ."

"ಒಪ್ಪಿದಾರೆ, ಒಪ್ಪಿದಾರೆ," ಎಂದರು ಮಾವ ಎದ್ದು ನಿಂತು. ಚಪ್ಪಾಳೆ ಬಿತ್ತು.

"ಮಾರ್ಷಲ್ ಆದವರು ರೇಸ್ ಓಡಿಸ್ಬಹುದಾ ಮೇಡಂ?" ಎಂದು ಮಧುಕುಮಾರ ಮೆಲ್ಲಗೆ ಕೇಳಿದ.

"ಇಲ್ಲ ಸಾರ್. ಅದು ರೂಲು."

ಬಹುಮಾನ ಏನೆಂದರೆ, ಕೆಂಪು ಬಣ್ಣದ ಹೊಸ ಸಿಲಿಂಡರ್.

ಹನುಮೇಶ ಬೈಕಿನಲ್ಲಿ ಹೊರಟ. ಲತಾ, ಲಿಂಗಮ್ಮ ಮೆಟ್ರೋ ಹತ್ತಿದರು. ಝೆನ್ ಹತ್ತುವಾಗ ಮಾವ, "ರೇವಂತ್ ಇವತ್ತು ಚೆನ್ನಾಗಿ ಓಡ್ಸಿದಾನೆ, ಮನೆಗೂ ಅವನೇ ಓಡಿಸ್ಲಿ," ಎಂದು ಮುಂದೆ ಕೂತರು. ಮಧುಕುಮಾರ ಬಹುಮಾನವನ್ನು ಮಂಡಿಗಳ ನಡುವೆ ಇಟ್ಟುಕೊಂಡು ಮಗಳ ಜೊತೆ ಹಿಂದೆ ಕೂತ.

"ಅಪ್ಪ, ನಿನ್ ವಿಡಿಯೋ ಕ್ಲಾಸ್ ಗ್ರೂಪಿಗೆ ಹಾಕ್ದೆ."

"ಏನಂದ್ರು ಪುಟ್ಟಿ?"

"ನಿಮ್ಮಪ್ಪ ಪೆಟ್ರೋಲ್ ಬಂಕಲ್ಲಿ ಕೆಲಸ ಮಾಡ್ತಾರಾ ಅಂತ ಕೇಳಿದ್ರು."

ಮಾವ ಹಿಂದಕ್ಕೆ ತಿರುಗಿದರು. "ನಾನು ಬೆಳಿಗ್ಗೇನೇ ಹೇಳಿರ್ಲಿಲ್ವಾ ಅಳಿಯಂದ್ರೇ? ಗುಳಿಕದಲ್ಲಿ ಹಿಡಿದಿದ್ದು, ಇನ್ನು ವರ್ಷಾ ವರ್ಷಾ ನಿಮಗೇ. ಸರಿಯಾಗಿ ಹಿಡ್ಕೊಳ್ಳಿ, ಮುಂದೆ ಹಂಪ್ ಇದೆ."

ಮಧುಕುಮಾರ ಸರಿಯಾಗಿ ಹಿಡಿದುಕೊಂಡ.