ಮೇಲೆ ಶ್ರಾವಣ, ಕೆಳಗೆ ಆಷಾಢ

ಸಿಲಿಂಡರ್ ಖಾಲಿಯಾಗಿರಬಹುದು. ಖಾಲಿಯಾಗಿರದಿದ್ದರೆ ಸೋರಬಹುದು. ಅತ್ತೆಯ ಮನೆಯ ಮಹಡಿ ಮೆಟ್ಟಿಲು ಬಲು ಕಡಿದು, ಮೇಷ್ಟ್ರು ಜಾರಬಹುದು. ಅವರನ್ನು ಹಿಡಿಯಲು ಹೋಗಿ ನಾನು ಜಾರಬಹುದು. ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ನಾನು ಸಿಕ್ಕಿಕೊಂಡು ಮುಹೂರ್ತ ಮೀರಬಹುದು. ಅತ್ತೆ ತಮ್ಮ ಹಿಂದಿಯಲ್ಲಿ ಒಂದು ಒಳ್ಳೆಯ ಮಾತಾಡಲು ಹೋಗಿ, ಅದು ಇನ್ನೇನೋ ಆಗಿ, ಮೇಷ್ಟ್ರು ಭಾನುವಾರದ ರೈಲಿಗೆ ಶುಕ್ರವಾರವೇ ಹೊರಟುಬಿಡಬಹುದು. ಮಳೆ ಬರಬಹುದು. ಮಳೆ ಬಂದರೆ ಕರೆಂಟ್ ಹೋಗಬಹುದು. ಹಾಲೇ ಒಡೆದುಹೋಗಬಹುದು.

ವಿಮಾ ಕಚೇರಿಯಲ್ಲಿ ಅರ್ಧ ಆಯುಷ್ಯ ಕಳೆದವನ ತಲೆ ಹೀಗೇ ಓಡುವುದು. ಊರಿನವರಿಗೆಲ್ಲ ಆಗಬಹುದಾದ ಅನಾಹುತಗಳನ್ನು ಹಗಲೆಲ್ಲ ಯೋಚಿಸುವುದಕ್ಕೆ ನನಗೆ ಸಂಬಳ ಸಿಗುತ್ತದೆ. ಮನೆಯಲ್ಲಿ ಅದನ್ನೇ ಬಿಟ್ಟಿಯಾಗಿ ಮಾಡುತ್ತೇನೆ. ಇಂದಿರಾನಗರದ ನಮ್ಮ ಕ್ವಾರ್ಟರ್ಸಿನಿಂದ ರಾಮಮೂರ್ತಿ ನಗರದ ಅತ್ತೆಯ ಮನೆಗೆ ಹೊರಡುವಾಗ ನನ್ನ ಹೆಂಡತಿ, "ಅಲ್ಲಾ ರೀ, ಬಾಡಿಗೆಯವರ ಮನೇಲಿ ಒಂದು ಪಾತ್ರೆ ಹಾಲು ಉಕ್ಕೋದಕ್ಕೆ ನೀವ್ಯಾಕೆ ಇಷ್ಟು ಕುದೀತಿದ್ದೀರಿ?" ಎಂದಳು. ಅವಳಿಗೇನು ಗೊತ್ತು? ಅದು ಬರೀ ಹಾಲಿನ ವಿಷಯವಾಗಿರಲಿಲ್ಲ.

ಮೊದಲು ಅತ್ತೆಯ ವಿಷಯ ಹೇಳಬೇಕು. ನನ್ನ ಈ ಸೋದರತ್ತೆಗೆ ಸರ್ಕಾರ ಒಂದು ಖಾತೆಯನ್ನೇ ಕೊಡಬೇಕಿತ್ತು ಎಂದು ನನ್ನ ಅಭಿಪ್ರಾಯ: ಹೊರರಾಜ್ಯದಿಂದ ಬಂದವರನ್ನು ಪಳಗಿಸುವ ಖಾತೆ. ಸರ್ಕಾರ ಕೊಡಲಿಲ್ಲ, ಅವರೇ ತೆಗೆದುಕೊಂಡರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಮೇಲೆ ಕಟ್ಟಿಸಿದ ಮನೆ. ಕೆಳಗೆ ತಾವು, ಮೇಲೆ ಬಾಡಿಗೆಗೆ. ಬೇರೆ ಮಾಲೀಕರು ಬಾಡಿಗೆಗೆ ಬಂದವರನ್ನು ಜಾತಿ, ಊಟ, ಸಂಬಳ ಎಂದೆಲ್ಲ ಕೇಳುತ್ತಾರಲ್ಲ, ಅತ್ತೆ ಕೇಳುವುದು ಒಂದೇ ಪ್ರಶ್ನೆ: "ನಿಮ್ಮೂರು ಇಲ್ಲಿಂದ ಎಷ್ಟು ದೂರ?" ದೂರ ಹೆಚ್ಚಿದಷ್ಟೂ ಅರ್ಹತೆ ಹೆಚ್ಚು. ತುಮಕೂರಿನವರೊಬ್ಬರು ಬಂದಾಗ ಗೇಟಿನಿಂದಲೇ ವಾಪಸ್ಸು ಕಳಿಸಿದರು.

"ಯಾಕತ್ತೆ, ಒಳ್ಳೆ ಜನ ಅಲ್ವಾ?" ಎಂದು ಕೇಳಿದೆ.

"ಒಳ್ಳೆ ಜನಾನೇ. ಆದ್ರೆ ಅವರಿಗೆ ನಾನು ಹೇಳ್ಕೊಡೋಕೆ ಏನಿದೆಯೋ?"

ಅವರ ಪಾಠ ಮೊದಲ ಭಾನುವಾರವೇ ಶುರು. ಹೊಸಬರನ್ನು ಶಿವಾಜಿನಗರದ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಹಣ್ಣು, ಹೂವು, ಒಂದು ಲೋಟ ಚಹಾ ಎಲ್ಲ ಆದ ಮೇಲೆ, "ಇನ್ಮೇಲೆ ನೀವೇ ಮನೆಗೆ ಬನ್ನಿ" ಎಂದು ಅಲ್ಲೇ ಬಿಟ್ಟು ಮಾಯವಾಗುತ್ತಾರೆ. ನಿಜವಾಗಿ ಮಾಯವಾಗುವುದಿಲ್ಲ. ಸೆರಗನ್ನು ತಲೆಯ ಮೇಲೆ ಹೊದ್ದು ಅದೇ ಬಸ್ಸಿನಲ್ಲಿ ಹಿಂದೆ ಕೂತು, ಇವರು ಸರಿಯಾದ ಸ್ಟಾಪಿನಲ್ಲಿ ಇಳಿಯುತ್ತಾರೋ ಇಲ್ಲವೋ ನೋಡುತ್ತಾರೆ. ಕೇರಳದಿಂದ ಬಂದಿದ್ದ ಬ್ಯಾಂಕ್ ಅಧಿಕಾರಿಯೊಬ್ಬನ ಪರೀಕ್ಷೆಯ ದಿನ ಅತ್ತೆಗೆ ಸೀಟಿನಲ್ಲೇ ಜೊಂಪು ಹತ್ತಿತು. ಆತ ಸರಿಯಾಗಿ ಇಳಿದು ಮನೆ ಸೇರಿದ. ಅತ್ತೆ ಎಚ್ಚರಾಗುವಷ್ಟರಲ್ಲಿ ಕೆ.ಆರ್. ಪುರ. ಕೊನೆಗೆ ಆತನೇ ಯಾರದೋ ಸ್ಕೂಟರ್ ಎರವಲು ಪಡೆದು ಹೋಗಿ ಕರೆತಂದ. ಮನೆಗೆ ಬಂದು ಇಳಿದವರೇ ಅತ್ತೆ, ಏನೂ ಆಗದವರಂತೆ, "ಪಾಸ್" ಎಂದರು.

ಇಂಥ ಅತ್ತೆಯ ಮಹಡಿಗೆ ಈ ವರ್ಷ ರಾಂಚಿಯಿಂದ ಬಂದವರು ಸರಿತಾ ಮತ್ತು ಅವಳ ಅಪ್ಪ. ಸರಿತಾ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಅಪ್ಪ ನಿವೃತ್ತ ಹಿಂದಿ ಅಧ್ಯಾಪಕರು; ಹೆಂಡತಿ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಅತ್ತೆ ಅವರನ್ನು ಕರೆದದ್ದು ಮೇಷ್ಟ್ರು ಎಂದು. ಆ ಮೇಷ್ಟ್ರು ಆಟೋದಿಂದ ಇಳಿಯುತ್ತಲೇ ಘೋಷಿಸಿದ್ದರು: ಮಗಳ ಮನೆ ನೆಲೆನಿಲ್ಲುವವರೆಗೆ ಮಾತ್ರ ನಾನು ಇಲ್ಲಿ, ಆಮೇಲೆ ವಾಪಸ್ಸು.

ನೆಲೆನಿಲ್ಲುವುದು ಅಂದರೇನು? ಅದನ್ನು ಅತ್ತೆ ನಿರ್ಧರಿಸಿದರು. ಲಾರಿಯಿಂದ ಸಾಮಾನು ಇಳಿಯುವಾಗಲೇ ಅಡ್ಡ ನಿಂತು, "ಇದು ಆಷಾಢ. ಸಾಮಾನು ಇಟ್ಕೊಳ್ಳಿ, ಮಲ್ಕೊಳ್ಳಿ. ಆದ್ರೆ ಹಾಲು ಉಕ್ಕಿಸೋದು ಶ್ರಾವಣಕ್ಕೇನೇ. ಅಲ್ಲೀವರೆಗೂ ನೀವು ಬಾಡಿಗೆಯವರಲ್ಲ, ನೆಂಟರು" ಎಂದರು. ನೆಂಟರಾದ ಮೇಲೆ ಒಲೆ ಹಚ್ಚುವಂತಿಲ್ಲ. ಆದ್ದರಿಂದ ತಿಂಡಿ, ಊಟ ಎಲ್ಲ ಕೆಳಗಿನಿಂದಲೇ ಹೋಗತೊಡಗಿತು. ಸರಿತಾ ಕದ್ದುಮುಚ್ಚಿ ಕರೆಂಟಿನ ಕೆಟಲ್‌ನಲ್ಲಿ ಚಹಾ ಮಾಡುವುದನ್ನು ಅತ್ತೆ ಹಿಡಿದರು, ಬಹಳ ಹೊತ್ತು ಯೋಚಿಸಿದರು, ಬೆಂಕಿ ಕಾಣುತ್ತಿಲ್ಲವಾದ್ದರಿಂದ ಕೆಟಲ್ ಒಲೆಯಲ್ಲ ಎಂದು ತೀರ್ಪು ಕೊಟ್ಟರು.

ಮೇಷ್ಟ್ರು ಇದನ್ನೆಲ್ಲ ಸಹಿಸಿಕೊಂಡರು. ಆದರೆ ಹುಣ್ಣಿಮೆಯ ಮರುದಿನ ಅತ್ತೆ ಈರುಳ್ಳಿ ಹುಳಿ ಕಳಿಸಿದಾಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ತಮ್ಮಲ್ಲಿ ಸಾವನ್, ಅಂದರೆ ಶ್ರಾವಣ, ಶುರುವಾಯಿತು, ಇನ್ನು ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ ಎಂದರು.

"ಅದೆಂಗೆ ಶುರುವಾಗುತ್ತೆ? ಅಮಾವಾಸ್ಯೆ ಇನ್ನೂ ಎಲ್ಲೋ ಇದೆ" ಎಂದರು ಅತ್ತೆ.

ಅವರ ಕಡೆ ಹುಣ್ಣಿಮೆ ಕಳೆದರೆ ಹೊಸ ತಿಂಗಳು, ನಮ್ಮ ಕಡೆ ಅಮಾವಾಸ್ಯೆ ಕಳೆಯಬೇಕು. ಬೇರೆ ರಾಜ್ಯಕ್ಕೆ ಹೋಗಿ ನೆಲೆಸುವವರಿಗೆ ಜನ ಏನೇನೋ ಎಚ್ಚರಿಕೆ ಹೇಳುತ್ತಾರೆ: ಭಾಷೆ ಬೇರೆ, ನೀರು ಬೇರೆ, ಅಡ್ವಾನ್ಸ್ ಜಾಸ್ತಿ. ತಿಂಗಳೇ ಬೇರೆಯಾಗಿಬಿಡುತ್ತದೆ ಎಂದು ಯಾರಾದರೂ ಹೇಳಿದ್ದಾರೆಯೇ? ಹದಿನೈದು ದಿನ ಆ ಮನೆಯಲ್ಲಿ ಮೇಲೆ ಶ್ರಾವಣ, ಕೆಳಗೆ ಆಷಾಢ. ಮೇಷ್ಟ್ರು ಸೋಮವಾರ ಉಪವಾಸ ಮಾಡಿದರೆ ಅತ್ತೆ ನನಗೆ ಫೋನ್ ಮಾಡಿ, "ಪಾಪ ಕಣೋ, ಶೂನ್ಯಮಾಸದಲ್ಲಿ ಉಪವಾಸ ಇದ್ದು ಎಲ್ಲಾ ವೇಸ್ಟ್ ಮಾಡ್ಕೊಳ್ತಿದಾರೆ" ಎಂದು ಮರುಗುತ್ತಿದ್ದರು. ಹಾಗೆ ಮರುಗಿದರೂ, ತಮ್ಮ ಆಷಾಢದಲ್ಲೇ ಎರಡು ಬಗೆಯ ಹುಳಿ ಮಾಡತೊಡಗಿದರು. ಈರುಳ್ಳಿಯಿಲ್ಲದ್ದು ಮೇಲಕ್ಕೆ.

ಇನ್ನು ಇವರಿಬ್ಬರ ಸಂಭಾಷಣೆ. ಅತ್ತೆ ಹುಟ್ಟಿ ಬೆಳೆದದ್ದು ಶಿವಾಜಿನಗರದ ಗಲ್ಲಿಯಲ್ಲಿ. ಅವರ ಹಿಂದಿ ಎಂದರೆ ಅಕ್ಕಪಕ್ಕದ ಮನೆಗಳಲ್ಲಿ ಕಲಿತ ದಖ್ಖನಿ. ಬೇಡ ಎನ್ನಲು 'ನಕ್ಕೋ', ಯಾಕೆ ಎನ್ನಲು 'ಕೈಕು', ಹೌದು ಎನ್ನಲು 'ಹೌ'. ಜೀವಮಾನವಿಡೀ ಶುದ್ಧ ಹಿಂದಿ ಕಲಿಸಿದ ಮೇಷ್ಟ್ರಿಗೆ ಅತ್ತೆ ದೋಸೆಯ ತಟ್ಟೆ ಹಿಡಿದು, "ಕೈಕು ನಕ್ಕೋ ಬೋಲ್ತೇ? ಖಾವ್ ಜೀ" ಎಂದಾಗ ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ, ಪ್ರೈಮರಿ ಮಕ್ಕಳಿಗೆ ಹೇಳುವಂತೆ ಸರಿಯಾದ ವಾಕ್ಯ ಹೇಳಿಕೊಟ್ಟರು. ಅತ್ತೆ ಅದನ್ನು ಕೇಳಿ, ಅಷ್ಟೇ ಮೆಲ್ಲಗೆ, ತಮ್ಮದನ್ನು ಮತ್ತೊಮ್ಮೆ ಹೇಳಿಕೊಟ್ಟರು.

ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ಓದಿದೋರೇನೋ ಹೌದು. ಆದ್ರೆ ಹಿಂದೀನೇ ಸರಿಯಾಗಿ ಬರಲ್ಲ ಕಣೋ" ಎಂದರು.

ಬೀದಿಯವರು ಮೇಷ್ಟ್ರನ್ನು ಕಂಡಾಗಲೆಲ್ಲ "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಇಸ್ತ್ರಿಯವನು ಕೇಳಿದ, ಎದುರು ಮನೆಯಾಕೆ ಕೇಳಿದಳು, ನೀರಿನ ಟ್ಯಾಂಕರಿನವನು ಸ್ಟಿಯರಿಂಗ್ ಮುಂದೆ ಕೂತೇ ಕೇಳಿದ. ಮಾತಿನ ಅರ್ಥವನ್ನು ಮಗಳಿಂದ ತಿಳಿದುಕೊಂಡ ಮೇಷ್ಟ್ರು ನನ್ನನ್ನು ಬದಿಗೆ ಕರೆದು ಬಹಳ ನೊಂದು ಕೇಳಿದರು: ಮಗಳು ನನಗೆ ಊಟ ಹಾಕುವುದಿಲ್ಲ ಎಂದು ಈ ಬೀದಿಯಲ್ಲಿ ಯಾರಾದರೂ ಸುದ್ದಿ ಹಬ್ಬಿಸಿದ್ದಾರೆಯೇ? ಇಲ್ಲ ಸಾರ್, ಇದು ನಮಸ್ಕಾರದ ಹಾಗೆ, ಆಯ್ತು ಎಂದರೆ ಸಾಕು ಎಂದೆ. ಆಗದಿದ್ದರೂ? ಎಂದರು. ಆಗದಿದ್ದರೂ ಎಂದೆ. ಸುಳ್ಳಿನಿಂದ ದಿನ ಶುರುಮಾಡುವ ಊರು ಎಂಬಂತೆ ನನ್ನನ್ನು ನೋಡಿದರು.

ಹಾಗಿದ್ದರೂ ಮನುಷ್ಯ ಪ್ರಯತ್ನ ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ತರಕಾರಿ ಗಾಡಿಯ ಹೆಂಗಸಿನ ಹತ್ತಿರ ನಿಂತು ಒಂದೊಂದೇ ಮಾತು ಕಲಿಯುತ್ತಿದ್ದರು. ಕೆಲವು ದಿನ ಹೀಗೆ ಅಭ್ಯಾಸ ಮಾಡಿ, ಒಂದು ಸಂಜೆ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಕೆಳಗಿಳಿದು ಬಂದು ಅತ್ತೆಯ ಮುಂದೆ ಮೂರು ವಾಕ್ಯ ಹೇಳಿದರು. ಬೆಲೆ ಎಷ್ಟು, ಸ್ವಲ್ಪ ಕಡಿಮೆ ಮಾಡಮ್ಮ, ನಾಳೆ ಬರುತ್ತೇನೆ. ಉಚ್ಚಾರಣೆ ಚೊಕ್ಕ. ಒಂದೂ ತಪ್ಪಿಲ್ಲ.

ಅತ್ತೆಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಮೇಷ್ಟ್ರೇ, ಇದು ತಮಿಳು."

ಗಾಡಿಯ ಹೆಂಗಸು ಹಲಸೂರಿನವಳು. ತನ್ನ ಮನೆಮಾತನ್ನೇ ಕಲಿಸಿದ್ದಳು. ನಾನೂ ನಕ್ಕೆ. ಮೇಷ್ಟ್ರು ನಗಲಿಲ್ಲ. ಮೆಟ್ಟಿಲು ಹತ್ತಿ ಹೋದರು. ಮರುದಿನ ಗಾಡಿಯ ಹತ್ತಿರ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಆ ವಾರವೇ ಮಗಳಿಗೆ ಹೇಳಿ ರಾಂಚಿಗೆ ಟಿಕೆಟ್ ಮಾಡಿಸಿದರು: ಹಾಲು ಉಕ್ಕಿಸುವುದು ಶುಕ್ರವಾರ ತಾನೆ, ಭಾನುವಾರ ಹೊರಡುತ್ತೇನೆ.

ಸರಿತಾ ನನ್ನನ್ನು ಮೆಟ್ಟಿಲಿನ ತಿರುವಿನಲ್ಲಿ ನಿಲ್ಲಿಸಿ ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು. "ಅಪ್ಪ ಹೋದರೆ ನಾನೂ ಕೆಲಸ ಬಿಟ್ಟು ಹೋಗಬೇಕು ಅಂಕಲ್. ಅಮ್ಮ ಹೋದ ಮೇಲೆ ಅವರು ಹಸಿವಾಯ್ತು ಅಂತಲೂ ಹೇಳಲ್ಲ. ಯಾವ ಮನೆಯಲ್ಲಿದ್ದರೂ ಪ್ಲಾಟ್‌ಫಾರ್ಮಿನಲ್ಲಿ ಕೂತಿರೋ ಹಾಗೆ ಇರ್ತಾರೆ. ಒಬ್ಬರನ್ನೇ ಹೇಗೆ ಬಿಡಲಿ?"

ಅತ್ತೆಗೆ ಇದನ್ನು ಹೇಳಿದೆ. ಅವರು ಬೇಳೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಅವತ್ತು ನಾನು ನಗಬಾರದಿತ್ತು ಕಣೋ" ಎಂದರು. ಆಮೇಲೆ, "ಹಾಲು ಚೆನ್ನಾಗಿ ಉಕ್ಲಿ. ಪೂರ್ವಕ್ಕೆ ಉಕ್ಕಿದ್ರೆ ಅವರು ಹೋಗಲ್ಲ" ಎಂದರು. ಯಾವ ಶಾಸ್ತ್ರದಲ್ಲಿದೆ ಎಂದು ನಾನು ಕೇಳಲಿಲ್ಲ. ಮರುಗಳಿಗೆಯಿಂದಲೇ, ಹಾಲು ಪಶ್ಚಿಮಕ್ಕೆ ಉಕ್ಕಿಬಿಟ್ಟರೆ ಎಂದು ಯೋಚಿಸತೊಡಗಿದೆ.

ಆ ಶುಕ್ರವಾರ, ನಂಬಿದರೆ ನಂಬಿ, ಎಲ್ಲವೂ ಸುಸೂತ್ರವಾಗಿತ್ತು. ಟ್ರಾಫಿಕ್ ಇಲ್ಲ, ಮಳೆ ಇಲ್ಲ, ಸಿಲಿಂಡರ್ ತುಂಬಿತ್ತು, ಸೋರಲಿಲ್ಲ. ಮೂಸಿ ಮೂಸಿ ನನ್ನ ಮೂಗೇ ಸೋತಿತು. ಅತ್ತೆ ಹೊಸ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಒಲೆಯನ್ನು ಪೂರ್ವಕ್ಕೆ ಸರಿಹೊಂದಿಸಿ, ಪಾತ್ರೆಯನ್ನು ಅದೇ ಕಡೆಗೆ ಕೂದಲೆಳೆಯಷ್ಟು ವಾಲಿಸಿ ಇಟ್ಟರು. ಮೇಷ್ಟ್ರು ಹಾಲ್‌ನಲ್ಲಿ ಕಟ್ಟಿದ ಸೂಟ್‌ಕೇಸಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಒಲೆ ಹಚ್ಚಿದ್ದಾಯಿತು. ಹಾಲು ಬಿಸಿಯಾಗುವಷ್ಟರಲ್ಲಿ ಅತ್ತೆ ಸಕ್ಕರೆ ಮರೆತೆನೆಂದು ಕೆಳಗೆ ಹೋದರು. ಸರಿತಾಳಿಗೆ ಆಸ್ಪತ್ರೆಯಿಂದ ಫೋನ್ ಬಂದು ಬಾಲ್ಕನಿಗೆ ಹೋದಳು. ಒಲೆಯ ಮುಂದೆ ಉಳಿದವನು ನಾನು. ಉಕ್ಕಿದ ಹಾಲು ಬರ್ನರಿಗೆ ಬಿದ್ದು ಜ್ವಾಲೆ ಆರಿ, ಗ್ಯಾಸ್ ಮಾತ್ರ ಬರುತ್ತಾ ಉಳಿದರೆ? ಎಂಬ ಯೋಚನೆ ಬಂದದ್ದೇ ತಡ, ರೆಗ್ಯುಲೇಟರ್ ನೋಡಲು ಕಟ್ಟೆಯ ಕೆಳಗೆ ತಲೆ ತೂರಿಸಿದೆ.

ಹಿಂದೆ ದಡದಡ ಹೆಜ್ಜೆ ಸದ್ದು. ಟಕ್ ಎಂದು ಒಲೆ ಆರಿದ ಸದ್ದು.

ತಲೆ ಹೊರಗೆ ತೆಗೆದು ನೋಡಿದರೆ ಮೇಷ್ಟ್ರು. ಅಂಚಿನವರೆಗೆ ಏರಿದ್ದ ಹಾಲನ್ನು ಬಾಗಿ ಊದುತ್ತಿದ್ದರು. ನೊರೆ ಇಳಿಯಿತು. ಬಾಗಿಲಲ್ಲಿ ಅತ್ತೆ, ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದರು.

"ಬಚ್ ಗಯಾ" ಎಂದರು ಮೇಷ್ಟ್ರು. ಉಳಿಯಿತು. ಒಂದು ಹನಿ ಚೆಲ್ಲಿಲ್ಲ.

ಮೇಷ್ಟ್ರು ಮಾತಾಡುತ್ತಲೇ ಇದ್ದರು. ಅಷ್ಟು ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಹಾಲು ಉಕ್ಕಿ ಚೆಲ್ಲಿದರೆ ಮನೆಗೆ ಒಳ್ಳೆಯದಲ್ಲ, ತಮ್ಮವಳು ಇದ್ದಷ್ಟು ದಿನ ಒಲೆ ಬಿಟ್ಟು ಕದಲುತ್ತಿರಲಿಲ್ಲ, ಹಾಲು ಇಟ್ಟವರು ಅತ್ತಿತ್ತ ಹೋದರೆ ಮನೆಯವರು ಯಾರಾದರೂ ನೋಡಿಕೊಳ್ಳಬೇಕಲ್ಲ. ಹೀಗೆ ನಮ್ಮನ್ನೆಲ್ಲ ಗದರಿ, ಪಾತ್ರೆಗೆ ಮುಚ್ಚಲು ಜಾಲರಿ ಎಲ್ಲಿ ಎಂದು ಕೇಳಿ, ತಾವೇ ಡಬ್ಬಗಳನ್ನು ಸರಿಸಿ ಹುಡುಕತೊಡಗಿದರು.

ಫೋನ್ ಮುಗಿಸಿ ಬಂದ ಸರಿತಾ ಅಪ್ಪನನ್ನು ನೋಡುತ್ತಾ ಅಲ್ಲೇ ಗೋಡೆಗೆ ಒರಗಿದಳು. ನಾನು ಅತ್ತೆಯ ಮುಖ ನೋಡಿದೆ. ಈಗ ಶಾಸ್ತ್ರ ಹೇಳುತ್ತಾರೆ, ಮತ್ತೆ ಒಲೆ ಹಚ್ಚಿಸುತ್ತಾರೆ, ಮೇಷ್ಟ್ರಿಗೆ ಇನ್ನೊಮ್ಮೆ ಮುಖಭಂಗ. ಅತ್ತೆ ಸಕ್ಕರೆ ಡಬ್ಬಿ ಕೆಳಗಿಟ್ಟರು.

"ಹೌ. ಅಚ್ಛಾ ಕರೇ" ಎಂದರು. "ಹಮೇ ಕೋಯಿ ದೇಖೇ ನೈ." ಒಳ್ಳೇದು ಮಾಡಿದಿರಿ, ನಾವು ಯಾರೂ ನೋಡಲೇ ಇಲ್ಲ. ಮೇಷ್ಟ್ರು ಈ ಸಲ ವಾಕ್ಯ ತಿದ್ದಲಿಲ್ಲ.

"ಅತ್ತೆ, ಹಾಲು..." ಎಂದು ನಾನು ಕನ್ನಡದಲ್ಲಿ ಪಿಸುಗುಟ್ಟಿದೆ.

"ಸುಮ್ನಿರೋ. ಬೇರೆಯವರ ಮನೆ ಹಾಲಿಗೆ ಯಾರಾದ್ರೂ ಹಂಗೆ ಓಡಿ ಬರ್ತಾರಾ?" ಎಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ ತಮ್ಮ ಹಿಂದಿಯಲ್ಲಿ ಕೇಳಿದರು: ಸಾಯಂಕಾಲದ ಹಾಲು ಇನ್ನೊಂದು ಪ್ಯಾಕೆಟ್ ಬರುತ್ತದೆ, ಸರಿತಾಳಿಗೆ ಡ್ಯೂಟಿ, ಅದನ್ನು ಯಾರು ನೋಡುತ್ತಾರೆ?

"ನಾನು ನೋಡ್ತೀನಿ" ಎಂದರು ಮೇಷ್ಟ್ರು ತಮ್ಮ ಹಿಂದಿಯಲ್ಲಿ, ಜಾಲರಿ ಹುಡುಕುತ್ತಲೇ.

"ಸೋಮವಾರ?"

ಮೇಷ್ಟ್ರ ಕೈ ನಿಂತಿತು. ಪಾತ್ರೆ ನೋಡಿದರು, ಮಗಳನ್ನು ನೋಡಿದರು. "ಇವಳು ಒಲೆ ಮೇಲಿಟ್ಟು ಮರೀತಾಳೆ" ಎಂದರು ಕೊನೆಗೆ, "ಸೋಮವಾರಾನೂ ನಾನೇ ನೋಡ್ಬೇಕು."

ಟಿಕೆಟ್ ಆ ಮಧ್ಯಾಹ್ನವೇ ರದ್ದಾಯಿತು. ನಾನು ಅಷ್ಟೆಲ್ಲ ಹೆದರಿದ್ದ ದಿನ ಕೆಟ್ಟದ್ದು ಒಂದೇ ಒಂದು. ಹಾಲು ಉಕ್ಕಲಿಲ್ಲ.